ವಾರ್ಡ್ ಪೋಸ್ಟಿಂಗ್‌ನಲ್ಲಿ ಪೇಷಂಟ್ ಮಾನ ಕಾಪಾಡೋದು ಹೇಗೆ? ನರ್ಸಿಂಗ್ ಸ್ಟೂಡೆಂಟ್ಸ್‌ಗೆ

ಎಥಿಕ್ಸ್ ಕ್ಲಾಸಲ್ಲಿ ಡಿಗ್ನಿಟಿ ಅಂತ ಎಲ್ರೂ ಬರ್ಕೊಂಡಿರ್ತೀರ, ಆದ್ರೆ ಜನರಲ್ ವಾರ್ಡಲ್ಲಿ ಸ್ಪಾಂಜ್ ಬಾತ್ ಕೊಡೋಕೆ (ಹಾಸಿಗೇಲೇ ಒದ್ದೆ ಬಟ್ಟೇಲಿ ಮೈ ಒರೆಸೋಕೆ) ನಿಂತಾಗ್ಲೇ ಅದೇನು ಅಂತ ಗೊತ್ತಾಗೋದು, ಅಲ್ಲಿಂದ್ಲೇ ಶುರು ಮಾಡೋಣ.

ಬೆಡ್ ಹತ್ರ ಹೋದ ತಕ್ಷಣ ಮೈಗೆ ಕೈ ಹಾಕ್ಬೇಡಿ. ನಿಮ್ಮ ಹೆಸ್ರು ಹೇಳಿ, ಅವರನ್ನ ಏನಂತ ಕರೀಬೇಕು ಕೇಳಿ (ಅಜ್ಜಿ ಅಂದ್ರೆ ಕೆಲವ್ರಿಗೆ ಖುಷಿ, ಕೆಲವ್ರಿಗೆ ಬೇಜಾರು), ಏನು ಮಾಡ್ತೀನಿ ಅಂತ ತಿಳಿಸಿ, ಹೂಂ ಅಂದ್ಮೇಲೆ ಮುಟ್ಟಿ. ಸ್ಕ್ರೀನ್ ಎಳೀರಿ, ಇಲ್ದಿದ್ರೆ ಇಬ್ರು ಬೆಡ್‌ಶೀಟ್ ಹಿಡಿದು ಮರೆ ಮಾಡಿ. ಒರೆಸ್ತಿರೋ ಭಾಗದ ಬಟ್ಟೆ ಮಾತ್ರ ಸರಿಸಿ, ಕೈ ಒರೆಸಿದ್ದಾದ್ಮೇಲೆ ಅದನ್ನ ಮುಚ್ಚಿ, ಆಮೇಲೆ ಎದೆ ಒರೆಸಿ. ಕೈ ಆಡೋರಿಗೆ ಗುಪ್ತಾಂಗ ಅವ್ರೇ ಒರೆಸ್ಕೊಳ್ಳೋಕೆ ಒದ್ದೆ ಬಟ್ಟೆ ಕೊಟ್ಟು ಆ ಕಡೆ ತಿರುಗಿ ನಿಲ್ಲಿ. ಬೆಡ್‌ಪ್ಯಾನ್ (ಹಾಸಿಗೇಲೇ ಮಲ ಮೂತ್ರಕ್ಕೆ ಕೊಡೋ ಪಾತ್ರೆ) ಕೇಳಿದ್ರೆ ಕಾಯಿಸ್ಲೇಬೇಡಿ, ಎಷ್ಟೋ ವಯಸ್ಸಾದೋರು ಕೇಳೋಕೆ ನಾಚ್ಕೊಂಡು ನೀರು ಕುಡಿಯೋದನ್ನೇ ಕಮ್ಮಿ ಮಾಡ್ಬಿಡ್ತಾರೆ.

ಎಚ್‌ಐವಿ ಇರೋರ ವಿಷ್ಯ ಪಕ್ಕದ ಬೆಡ್ಡಿಗೆ ಕೇಳೋ ಹಾಗೆ ಮಾತಾಡೋದು, ಬೆಡ್ ಮೇಲೆ ಬೋರ್ಡ್ ಹಾಕೋದು ಬೇಡವೇ ಬೇಡ, 2017ರ ಎಚ್‌ಐವಿ ಏಡ್ಸ್ ಕಾಯ್ದೆ ಆ ಗುಟ್ಟು ಕಾಪಾಡ್ಬೇಕು ಅನ್ನುತ್ತೆ. ಪೇಷಂಟ್ ಫೋಟೋ, ರೀಲ್ಸ್ ಕೂಡ ಬೇಡ.

ಪ್ರಜ್ಞೆ ಇಲ್ದೋರ ಹತ್ರ ಇನ್ನೂ ಹುಷಾರಾಗಿರ್ಬೇಕು, ಯಾಕಂದ್ರೆ ಅವ್ರು ಕಂಪ್ಲೇಂಟ್ ಮಾಡೋದಿಲ್ಲ. ಇಲ್ಲಿ ನನಗೆ ಯಾವಾಗ್ಲೂ ನೆನಪಾಗೋದು ನಮ್ಮ ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗ. ಮುಂಬೈ ಕೆಇಎಂ ಆಸ್ಪತ್ರೇಲಿ ನರ್ಸ್ ಆಗಿದ್ರು, 1973ರಲ್ಲಿ ಅಲ್ಲೇ ಒಬ್ಬ ವಾರ್ಡ್ ಬಾಯ್ ಹಲ್ಲೆ ಮಾಡಿ ಮೆದುಳಿಗೆ ಪೆಟ್ಟಾಯ್ತು, 2015ರಲ್ಲಿ ತೀರ್ಕೊಳ್ಳೋವರೆಗೂ ಅದೇ ಆಸ್ಪತ್ರೆ ನರ್ಸ್‌ಗಳು ನೋಡ್ಕೊಂಡ್ರು. ಅಷ್ಟು ವರ್ಷ ಹಾಸಿಗೇಲಿದ್ರೂ ಬೆಡ್‌ಸೋರ್ (ಒಂದೇ ಕಡೆ ಮಲಗಿ ಆಗೋ ಹುಣ್ಣು) ಆಗಿಲ್ಲ ಅನ್ನೋದು 2011ರಲ್ಲಿ ಅವರ ದಯಾಮರಣದ ಕೇಸ್‌ನಲ್ಲಿ ಸುಪ್ರೀಂ ಕೋರ್ಟಲ್ಲೂ ಬಂತು. ಒಂದೊಂದು ಶಿಫ್ಟಲ್ಲಿ ಒಬ್ಬೊಬ್ರು ತಿರುಗಿಸಿ ಮಲಗಿಸಿ, ಬಾಯಿ ಒರೆಸಿ, ತಿನ್ನಿಸಿದ್ದಕ್ಕೆ ಅದು ಸಾಧ್ಯ ಆಯ್ತು.

ನೀವೂ ಎರಡು ಗಂಟೆಗೊಮ್ಮೆ ಪೊಸಿಶನ್ ಬದಲಾಯ್ಸುವಾಗ "ಅಮ್ಮಾ, ಈಗ ಎಡಗಡೆ ತಿರುಗಿಸ್ತೀನಿ" ಅಂತ ಹೇಳಿ, ಅವರಿಗೆ ಕೇಳಿಸ್ತಿರಬಹುದು. ತಲೆ ಬಾಚಿ, ಗೌನ್ ದಾರ ಕಟ್ಟಿ. ಅವರ ಮೇಲಿಂದ ಫ್ರೆಂಡ್ ಜೊತೆ ಹಾಸ್ಟೆಲ್ ಊಟದ ಮಾತು ಬೇಡ.

ಟೈಮ್ ಇರಲ್ಲ ಅಂತೀರ, ಹೌದು ಒಬ್ಬ ಸಿಸ್ಟರ್‌ಗೆ ಒಂದು ಇಡೀ ವಾರ್ಡ್ ಇರುತ್ತೆ, ಆದ್ರೆ ಹೆಸ್ರು ಕೇಳೋಕೆ, ಸ್ಕ್ರೀನ್ ಎಳೆಯೋಕೆ ಒಂದು ನಿಮಿಷ ಸಾಕು. ಸೀನಿಯರ್ಸ್ ಯಾರಾದ್ರೂ ಗದರಿದ್ರೆ ಪೇಷಂಟ್ ಎದುರು ವಾದ ಬೇಡ, ಆಮೇಲೆ ಟ್ಯೂಟರ್ ಹತ್ರ ಹೇಳಿ.