ಮುದ್ದಿನ ನಾಯಿ ಹೋದ ಮನೆಗೆ ಇನ್ನೊಂದನ್ನು ತರುವಾಗ

ಹೊಸ ಮರಿ ತಂದ ಎರಡನೇ ತಿಂಗಳಿಗೆ ಬಹಳ ಮನೆಗಳಲ್ಲಿ ಈ ಮಾತು ಶುರುವಾಗುತ್ತದೆ: 'ಅದು ಹೀಗಿರಲಿಲ್ಲ.' ಸತ್ತೆಮ್ಮೆಗೆ ಹಾಲು ಹೆಚ್ಚು ಅನ್ನುವ ಲೆಕ್ಕ ಇದು. ಮನಸ್ಸಿನಲ್ಲಿರುವುದು ಹತ್ತು ವರ್ಷ ನಿಮ್ಮೊಂದಿಗೆ ಪಳಗಿದ ನಾಯಿ, ಕಾಲ ಬುಡದಲ್ಲಿರುವುದು ಹತ್ತು ವಾರದ ಮರಿ.

ಹಾಗಾಗಿ ತರುವ ಮೊದಲೇ ಒಂದು ಕೆಲಸ ಮಾಡಿ. ಹಳೆಯ ಫೋಟೊಗಳನ್ನು ದಿನಾಂಕದ ಪ್ರಕಾರ ನೋಡುತ್ತಾ ಹಿಂದಿನ ನಾಯಿಯ ಮೊದಲ ವರ್ಷವನ್ನು ಒಂದು ಹಾಳೆಗಿಳಿಸಿ. ಮನೆಯೊಳಗೆ ಉಚ್ಚೆ ಮಾಡುವುದು ಯಾವ ತಿಂಗಳಲ್ಲಿ ನಿಂತಿತು, ಎಷ್ಟು ಜೊತೆ ಚಪ್ಪಲಿ ಹಾಳಾಯಿತು, ಕರೆದರೆ ಬರಲು ಎಷ್ಟು ಕಾಲ ಹಿಡಿಯಿತು. ಮನೆಯವರನ್ನೆಲ್ಲ ಕೂರಿಸಿ ಕೇಳಿ, ಒಬ್ಬರು ಮರೆತದ್ದು ಇನ್ನೊಬ್ಬರಿಗೆ ನೆನಪಿರುತ್ತದೆ. ಹೋಲಿಸದೆ ಇರಲಾಗದಿದ್ದರೆ ಆರು ತಿಂಗಳ ಮರಿಯನ್ನು ಹಿಂದಿನದರ ಆರು ತಿಂಗಳ ಜೊತೆಗೇ ಹೋಲಿಸಿ. 6ರಿಂದ 18 ತಿಂಗಳವರೆಗಿನ ಹರೆಯದಲ್ಲಿ ಕಲಿತದ್ದನ್ನೂ ಮರೆತಂತೆ ಆಡುವುದು ನಾಯಿಗಳಿಗೆ ಸಹಜ. ಹೊಸದರ ಮೇಲೆ ಬೇಸರ ಹೆಚ್ಚುವುದೂ ಆಗಲೇ.

ಯಾವಾಗ ತರಬೇಕು? ಇಷ್ಟೇ ದಿನ ಎಂಬ ಕಟ್ಟಳೆ ಇಲ್ಲ. ಆದರೆ ಅದೇ ಬಣ್ಣ, ಅದೇ ಮುಖ, ಕಿವಿಯ ಅದೇ ಮಡಿಕೆ ಹುಡುಕುತ್ತಿದ್ದರೆ ಇನ್ನೂ ಸ್ವಲ್ಪ ತಡೆಯುವುದು ಒಳ್ಳೆಯದು. ಅದೇ ತಳಿ ತಂದರೆ ತಪ್ಪಿಲ್ಲ, ಸ್ವಭಾವ ಮಾತ್ರ ಅದೇ ಬರುವ ಖಾತರಿಯಿಲ್ಲ. ನಿಮ್ಮ ನಿದ್ದೆಯ ಲೆಕ್ಕವೂ ಇರಲಿ: ಮರಿ ಎಷ್ಟು ತಿಂಗಳಿನದೋ ಅದಕ್ಕೆ ಒಂದು ಸೇರಿಸಿ, ಹೆಚ್ಚೆಂದರೆ ಅಷ್ಟು ಗಂಟೆ ಉಚ್ಚೆ ತಡೆಯಬಲ್ಲದು. ಎರಡು ತಿಂಗಳಿನದಾದರೆ ರಾತ್ರಿ ಒಂದೆರಡು ಸಲ ಏಳಲೇಬೇಕು.

ಹಿಂದಿನದು ಯಾವ ಕಾಯಿಲೆಯಿಂದ ಹೋಯಿತು ಎಂಬುದನ್ನು ದುಃಖದಲ್ಲಿ ಮರೆಯುವವರೇ ಹೆಚ್ಚು. ಪಾರ್ವೋ (ಮರಿಗಳಿಗೆ ವಾಂತಿ, ರಕ್ತಭೇದಿ ತರುವ ವೈರಸ್ ರೋಗ) ಆಗಿದ್ದರೆ ಆ ವೈರಸ್ ನೆಲ, ಬಟ್ಟಲು, ಚಪ್ಪಲಿಯ ಅಟ್ಟೆಗಳಲ್ಲಿ ತಿಂಗಳುಗಟ್ಟಲೆ, ನೆರಳಿನ ಮಣ್ಣಿನಲ್ಲಿ ಇನ್ನೂ ಹೆಚ್ಚು ಕಾಲ ಉಳಿಯುತ್ತದೆ. ಗಟ್ಟಿ ನೆಲವನ್ನು ಮೊದಲು ಸೋಪಿನಿಂದ ತೊಳೆಯಿರಿ, ಕೊಳೆ ಉಳಿದರೆ ಬ್ಲೀಚ್‌ನ ಶಕ್ತಿ ಕುಂದುತ್ತದೆ. ಬಳಿಕ ಮನೆಬಳಕೆಯ ಬ್ಲೀಚ್ ಒಂದು ಪಾಲಿಗೆ ನೀರು 30 ಪಾಲು ಬೆರೆಸಿ, ನೆಲ 10 ನಿಮಿಷ ಒದ್ದೆಯಾಗಿಯೇ ಇರುವಂತೆ ಬಿಟ್ಟು ತೊಳೆಯಿರಿ. ಮಣ್ಣಿಗೆ ಈ ಉಪಾಯ ನಡೆಯದು. ಅಂಥ ಅಂಗಳವಿದ್ದರೆ ಲಸಿಕೆಗಳೆಲ್ಲ ಮುಗಿದ ನಾಯಿಯನ್ನೇ ತನ್ನಿ. ಮರಿಗಳ ಲಸಿಕೆ 6ರಿಂದ 8 ವಾರಕ್ಕೆ ಶುರುವಾಗಿ, 2ರಿಂದ 4 ವಾರಕ್ಕೊಮ್ಮೆಯಂತೆ, 16 ವಾರ ತುಂಬುವವರೆಗೂ ನಡೆಯುತ್ತದೆ. ತಾಯಿಯಿಂದ ಬಂದ ರಕ್ಷಣೆ ಲಸಿಕೆಗೆ ಅಡ್ಡ ಬರುವುದರಿಂದಲೇ ಇಷ್ಟು ಸಲ ಹಾಕುವುದು, ಒಂದೇ ಸೂಜಿಗೆ ನಿಲ್ಲಿಸಿದರೆ ಹಾಕಿಯೂ ಹಾಕದಂತೆ. ಉಣ್ಣೆ ಜ್ವರವಾಗಿದ್ದರೆ ಗೋಡೆಯ ಬಿರುಕು, ಮಂಚದ ಸಂದು ನೋಡಿ. ನಾಯಿ ಉಣ್ಣೆ ರಕ್ತ ಕುಡಿಯದೆಯೂ ತಿಂಗಳುಗಟ್ಟಲೆ ಕಾಯಬಲ್ಲದು.

ಹಳೆಯ ಹಾಸಿಗೆ, ಬಟ್ಟಲು ಬಳಸಬಹುದು, ಸೋಂಕಿನ ಭಯ ಇಲ್ಲದಿದ್ದರೆ. ಹಿಂದಿನದಕ್ಕೆ ತಂದು ಉಳಿದ ಔಷಧಿಗಳು ಮಾತ್ರ ಬೇಡ. ಪ್ರಮಾಣ ತೂಕದ ಮೇಲಿದೆ, ಮೇಲಾಗಿ ಕೋಲಿಯಂಥ ತಳಿಗಳಲ್ಲಿ ಕೆಲವಕ್ಕೆ ಹುಳುಗಳಿಗೆ ಕೊಡುವ ಐವರ್ಮೆಕ್ಟಿನ್ ಔಷಧಿ ಹೆಚ್ಚಿನ ಪ್ರಮಾಣದಲ್ಲಿ ಪ್ರಾಣಕ್ಕೇ ಕುತ್ತು. ಕೊರಳಪಟ್ಟಿಯನ್ನು ನೆನಪಿಗೆ ಎತ್ತಿಡಿ. ಹೊಸದಕ್ಕೆ ಹೊಸ ಪಟ್ಟಿ ತನ್ನಿ, ಕೊರಳಿಗೂ ಪಟ್ಟಿಗೂ ನಡುವೆ ಎರಡು ಬೆರಳು ಹೋಗುವಷ್ಟು ಸಡಿಲ ಬಿಡಿ, ಬೆಳೆಯುವ ಮರಿಗೆ ವಾರಕ್ಕೊಮ್ಮೆ ಸರಿಪಡಿಸಿ.

ಮನೆಯಲ್ಲಿ ಇನ್ನೊಂದು ನಾಯಿ ಉಳಿದಿದ್ದರೆ ಅದೂ ಜೊತೆಗಾರನನ್ನು ಕಳೆದುಕೊಂಡಿದೆ. ಊಟ ಕಡಿಮೆಯಾಗುವುದು, ಬಾಗಿಲ ಬಳಿ ಕಾಯುವುದು ವಾರಗಟ್ಟಲೆ ಇರಬಹುದು. ಎರಡು ದಿನ ಏನೂ ಮುಟ್ಟದಿದ್ದರೆ ವೈದ್ಯರಿಗೆ ತೋರಿಸಿ, ಎಲ್ಲವನ್ನೂ ದುಃಖದ ಲೆಕ್ಕಕ್ಕೆ ಹಾಕಬೇಡಿ. ಹೊಸದನ್ನು ಅದರ ಅಂಗಳದಲ್ಲಿ ಏಕಾಏಕಿ ಬಿಡದೆ ಎರಡಕ್ಕೂ ಹೊಸದಾದ ಜಾಗದಲ್ಲಿ, ಸಡಿಲ ಹಗ್ಗದಲ್ಲಿ, ನಡುವೆ ಐದಾರು ಮೀಟರ್ ಬಿಟ್ಟು ಒಂದೇ ದಿಕ್ಕಿಗೆ ನಡೆಸಿ. ಹಗ್ಗ ಬಿಗಿಯಾದರೆ ನಿಮ್ಮ ಆತಂಕವನ್ನೇ ನಾಯಿಗೆ ದಾಟಿಸಿದಂತೆ. ಊಟ ಬೇರೆ ಬೇರೆ ಕೋಣೆಯಲ್ಲಿ. ಮುದಿ ನಾಯಿಗೆ ಮರಿ ಬಾರದ ಒಂದು ಮೂಲೆ ಇರಲಿ. ಅದು ಗುರ್ ಅಂದರೆ ಗದರಬೇಡಿ, ಆ ಎಚ್ಚರಿಕೆ ಅಡಗಿಸಿದರೆ ನೇರ ಕಚ್ಚುವುದೇ ಉಳಿಯುತ್ತದೆ.

'ಕೂತ್ಕೋ', 'ಬಾ' ಎಂಬ ಮಾತುಗಳು ಹಳೆಯವೇ ಇರಲಿ, ಮನೆಮಂದಿಗೆ ಬಾಯಿಪಾಠವಾಗಿವೆ. ಬದಲಿಸಬೇಕಾದದ್ದು ಹೆಸರು, ಮಲಗುವ ಜಾಗ, ಸಂಜೆಯ ದಾರಿ. ಒಂದೇ ದಾರಿಯಲ್ಲಿ ನಡೆದರೆ ಪ್ರತಿ ತಿರುವಿನಲ್ಲೂ ಹಳೆಯದೇ ಮುಂದೆ ಹೋಗುತ್ತಿರುತ್ತದೆ.

ಪ್ರೀತಿ ಹುಟ್ಟಿಸುವುದಕ್ಕೂ ಒಂದು ಕ್ರಮವಿದೆ ಅಂದರೆ ನಗಬೇಡಿ. ದಿನಕ್ಕೆ 10 ನಿಮಿಷ, ಫೋನ್ ಬದಿಗಿಟ್ಟು, ಹಿಂದಿನ ನಾಯಿಗೆ ಇಷ್ಟವಿಲ್ಲದ ಆಟಗಳನ್ನೇ ಮೊದಲು ಆಡಿಸಿ: ಬಟ್ಟೆಯಡಿ ತಿಂಡಿ ಬಚ್ಚಿಡುವುದು, ಹಗ್ಗ ಎಳೆಯುವುದು, ಚೆಂಡು, ನೀರು. ಯಾವುದಕ್ಕೆ ಬಾಲ ಸಡಿಲವಾಗಿ ಮೈಪೂರ ಅಲ್ಲಾಡುತ್ತದೋ ಬರೆದಿಡಿ. ಹದಿನೈದು ದಿನದಲ್ಲಿ ಆ ಹಾಳೆಯ ಮೇಲೆ ಇದರದೇ ಒಂದು ಚಹರೆ ಮೂಡುತ್ತದೆ.

ಬಾಯಿ ತಪ್ಪಿ ಹಳೆಯ ಹೆಸರೇ ಬಂದುಬಿಡುತ್ತದೆ, ವರ್ಷವಾದ ಮೇಲೂ. ನಾಯಿಗೆ ಅದರಿಂದ ನೋವೇನಿಲ್ಲ. ತಕ್ಷಣ ಹೊಸದರ ಹೆಸರು ಕರೆದು, ತಿರುಗಿ ನೋಡಿದಾಗ ಒಂದು ತುಣುಕು ತಿಂಡಿ ಕೊಡಿ.