ಗಬ್ಬದ ಹಸುವಿನ ಚಳಿಗಾಲದ ಮೇವು: ನನ್ನ ಅನುಭವ

ಮಾಂಸದ ತಳಿಯ ಹಸುಗಳನ್ನು ಸಾಕುವವರಿಗೆ ಚಳಿಗಾಲವೆಂದರೆ ಬರೀ ಖರ್ಚಿನ ಕಾಲ. ಹುಲ್ಲುಗಾವಲು ಒಣಗಿರುತ್ತದೆ, ದೊಡ್ಡ ಕರುಗಳು ಹಾಲು ಬಿಟ್ಟು ಬೇರೆಯಾಗಿರುತ್ತವೆ, ಹೊಟ್ಟೆಯೊಳಗಿರುವ ಕರು ಕಣ್ಣಿಗೆ ಕಾಣುವುದಿಲ್ಲ. ಕೂಡಿಟ್ಟ ಒಣಹುಲ್ಲನ್ನು ಹಾಕಿ ಹೇಗೋ ದಿನ ದೂಡಿದರೆ ಹಸಿರು ಬಂದ ಮೇಲೆ ಹಸುಗಳು ತಾವೇ ಚೇತರಿಸಿಕೊಳ್ಳುತ್ತವೆ ಎಂದು ನಾನು ಹಲವು ವರ್ಷ ನಂಬಿದ್ದೆ. ಸುಮಾರು 60 ಹಸುಗಳ ನನ್ನ ಹಿಂಡು ಚಳಿಗಾಲದ ಕೊನೆಯಲ್ಲಿ ಈಯುತ್ತದೆ; ಎಂದರೆ ಗಬ್ಬದ ಕೊನೆಯ ಮೂರು ತಿಂಗಳು, ಹುಟ್ಟುವ ಕರುವಿನ ಮುಕ್ಕಾಲು ಪಾಲು ಬೆಳವಣಿಗೆ ಆಗುವ ಆ ತಿಂಗಳುಗಳು, ವರ್ಷದ ಅತಿ ಕಳಪೆ ಮೇವಿನ ತಿಂಗಳುಗಳೂ ಆಗಿರುತ್ತವೆ. ಈ ಎರಡನ್ನೂ ಒಟ್ಟಿಗಿಟ್ಟು ನಾನು ಯೋಚಿಸಿಯೇ ಇರಲಿಲ್ಲ.

ಯೋಚಿಸುವಂತೆ ಮಾಡಿದ್ದು 14ನೇ ಸಂಖ್ಯೆಯ ಹಸು. ಆ ವರ್ಷ ಅದು ಈದದ್ದು ನಸುಕಿನಲ್ಲಿ. ಹೆರಿಗೆ ಸುಸೂತ್ರವಾಗಿಯೇ ಆಯಿತು, ಕರುವೂ ನೋಡಲು ಸಣ್ಣದೇನಲ್ಲ. ಆದರೆ ಒಂದೂವರೆ ಗಂಟೆ ಕಳೆದರೂ ಅದು ಎದ್ದು ನಿಲ್ಲಲಿಲ್ಲ. ಬಾಯೊಳಗೆ ಬೆರಳಿಟ್ಟು ನೋಡಿದರೆ ನಾಲಿಗೆ ತಣ್ಣಗಿತ್ತು, ಬೆರಳನ್ನು ಚೀಪುವ ಶಕ್ತಿಯೂ ಅದಕ್ಕೆ ಇರಲಿಲ್ಲ. ತಾಯಿಯನ್ನು ಕಟ್ಟಿ ಗಿಣ್ಣು ಹಾಲು ಕರೆಯಲು ಕುಳಿತರೆ ನಾಲ್ಕು ಮೊಲೆಗಳಿಂದಲೂ ಸೇರಿ ಅರ್ಧ ಲೀಟರ್ ಕೂಡ ಆಗಲಿಲ್ಲ. ಕರು ಬದುಕಿತು, ಆದರೆ ಹತ್ತೇ ದಿನಕ್ಕೆ ಭೇದಿಗೆ ಬಿದ್ದಿತು. ಅದರ ಹಿಂದೆಯೇ ಇನ್ನೂ ಏಳೆಂಟು ಕರುಗಳು ಬಿದ್ದವು. ಔಷಧಿಗೆಂದು ಕರೆಸಿದ ಪಶುವೈದ್ಯರು ಕರುಗಳನ್ನು ನೋಡಿದ ಮೇಲೆ ತಾಯಂದಿರ ಬಳಿಗೆ ಹೋಗಿ, ಬೆನ್ನಿನ ಮೇಲೆ ಅಂಗೈಯನ್ನು ಒತ್ತಿ ಹಿಡಿದು, ನನ್ನ ಕೈಯನ್ನೂ ಎಳೆದು ಅಲ್ಲೇ ಇಟ್ಟರು. ಹೊರಗೆ ಎರಡು ಬೆರಳಿನಷ್ಟು ದಟ್ಟವಾದ ಚಳಿಗಾಲದ ಕೂದಲು; ಅದರ ಕೆಳಗೆ ಬೆನ್ನೆಲುಬಿನ ಮುಳ್ಳುಗಳು ಗರಗಸದ ಹಲ್ಲಿನಂತೆ ಒಂದೊಂದಾಗಿ ಎಣಿಸುವಂತೆ ಸಿಕ್ಕಿದವು. "ನೀವು ಬೇಲಿಯಾಚೆ ನಿಂತು ಕೂದಲನ್ನು ನೋಡಿದ್ದೀರಿ ಸಾರ್, ಹಸುವನ್ನು ನೋಡಿಲ್ಲ" ಎಂದರು. ಸಿಟ್ಟು ಬಂತು, ಆದರೆ ಅಲ್ಲಗಳೆಯುವ ಹಾಗಿರಲಿಲ್ಲ.

ಆ ವರ್ಷದ ಪೂರ್ತಿ ಲೆಕ್ಕ ಗೊತ್ತಾಗಲು ಇನ್ನೂ ಕೆಲವು ತಿಂಗಳು ಬೇಕಾದವು. ಹಸು ಗಬ್ಬ ಹೊರುವುದು ಸುಮಾರು 283 ದಿನ. ವರ್ಷಕ್ಕೊಂದು ಕರು ಬೇಕೆಂದರೆ ಈದ 82 ದಿನಗಳೊಳಗೆ ಅದು ಮತ್ತೆ ಗಬ್ಬ ಕಟ್ಟಬೇಕು, ಅದರಲ್ಲಿ ಮೊದಲ 40 ದಿನಗಳಷ್ಟು ಗರ್ಭಕೋಶ ಸರಿಹೋಗುವುದರಲ್ಲೇ ಕಳೆಯುತ್ತವೆ. ಮೈ ಕರಗಿದ ಹಸುಗಳು ಆ ಅವಧಿಯಲ್ಲಿ ಬೆದೆಗೇ ಬರಲಿಲ್ಲ. ಹೋರಿಯನ್ನು ದೂರಿ, ಅದನ್ನು ಪರೀಕ್ಷೆ ಮಾಡಿಸಿದ್ದೂ ಆಯಿತು. ಪಾಪ, ಅದರ ತಪ್ಪೇನೂ ಇರಲಿಲ್ಲ. ಕೆಲವು ಹಸುಗಳು ಖಾಲಿ ಉಳಿದವು, ಗಬ್ಬ ಕಟ್ಟಿದವುಗಳಲ್ಲೂ ಬಹಳಷ್ಟು ತಡವಾಗಿ ಕಟ್ಟಿದ್ದರಿಂದ ಮರುವರ್ಷ ಕರುಗಳು ತಡವಾಗಿ ಹುಟ್ಟಿ, ಹಾಲು ಬಿಡಿಸುವ ದಿನಕ್ಕೆ ಚಿಕ್ಕವಾಗಿ ಉಳಿದವು. ಒಂದು ಚಳಿಗಾಲದ ಉಳಿತಾಯಕ್ಕೆ ನಾನು ಎರಡು ವರ್ಷ ದಂಡ ತೆತ್ತಿದ್ದೆ.

ಅಲ್ಲಿಂದ ನಾನು ಮೈಕಟ್ಟಿಗೆ ಅಂಕ ಹಾಕುವುದನ್ನು ಕಲಿತೆ. ಮಾಂಸದ ಹಸುಗಳಿಗೆ 1ರಿಂದ 9ರವರೆಗಿನ ಅಳತೆ ಬಳಕೆಯಲ್ಲಿದೆ: 1 ಎಂದರೆ ಎಲುಬಿನ ಹಂದರ, 9 ಎಂದರೆ ಕೊಬ್ಬಿನ ಮುದ್ದೆ. ಈಯುವ ಹೊತ್ತಿಗೆ ದೊಡ್ಡ ಹಸುಗಳು 5ರಲ್ಲಿ, ಚೊಚ್ಚಲ ಕಡಸುಗಳು 6ರ ಹತ್ತಿರ ಇರಬೇಕು. ನಾನು ಕೈಯಿಟ್ಟು ನೋಡುವುದು ಬೆನ್ನೆಲುಬು, ಕೊನೆಯ ಪಕ್ಕೆಲುಬುಗಳು ಮತ್ತು ಬಾಲದ ಬುಡ, ಈ ಮೂರೇ ಜಾಗಗಳನ್ನು. ಒಂದು ಅಂಕವೆಂದರೆ ಸರಿಸುಮಾರು 40 ಕಿಲೋ ತೂಕ. ಇಲ್ಲಿ ಬಹಳ ಮಂದಿ ಎಡವುವ ಒಂದು ವಿಷಯವಿದೆ, ನಾನೂ ಎಡವಿದ್ದೆ. ಕೊನೆಯ ಮೂರು ತಿಂಗಳಲ್ಲಿ ಹಸುವನ್ನು ತೂಗಿ, ತೂಕ ಇಳಿದಿಲ್ಲ ಎಂದು ನೆಮ್ಮದಿಯಾಗಿ ಇರುವಂತಿಲ್ಲ. ಆ ಅವಧಿಯಲ್ಲಿ ಕರು, ಗರ್ಭದ ನೀರು, ಮಾಸು ಎಲ್ಲ ಸೇರಿ ದಿನಕ್ಕೆ ಅರ್ಧ ಕಿಲೋದಷ್ಟು ಏರುತ್ತಿರುವುದರಿಂದ, ಒಟ್ಟು ತೂಕ ನಿಂತಲ್ಲೇ ನಿಂತಿದ್ದರೆ ಹಸುವಿನ ಸ್ವಂತ ಮೈ ಅಷ್ಟೇ ವೇಗದಲ್ಲಿ ಕರಗುತ್ತಿದೆ ಎಂದೇ ಅರ್ಥ.

ಎರಡನೆಯ ಚಳಿಗಾಲದಲ್ಲಿ ಉತ್ಸಾಹದಿಂದ ಇನ್ನೊಂದು ತಪ್ಪು ಮಾಡಿದೆ. ಹಸುಗಳು ಬಡಕಲಾಗಿವೆಯೆಂದರೆ ಶಕ್ತಿ ಸಾಲದು, ಆದ್ದರಿಂದ ಮೆಕ್ಕೆಜೋಳ ಕೊಡೋಣ ಎಂದುಕೊಂಡು ಧಾರಾಳವಾಗಿಯೇ ಸುರಿದೆ. ಎರಡು ವಾರದಲ್ಲಿ ಹುಲ್ಲಿನ ಗೋದಲಿಗಳಲ್ಲಿ ಮೇವು ಉಳಿಯತೊಡಗಿತು, ಸಗಣಿ ಒಣಗಿ ಬಿಲ್ಲೆ ಬಿಲ್ಲೆಯಾಗಿ ಬೀಳತೊಡಗಿತು, ಹಸುಗಳ ಮೈ ಮಾತ್ರ ತುಂಬಲಿಲ್ಲ. ಕಾರಣ ಆಮೇಲೆ ತಿಳಿಯಿತು. ಹುಲ್ಲನ್ನು ಜೀರ್ಣಿಸುವುದು ರೂಮೆನ್ ಎನ್ನುವ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಜೀವಿಗಳು; ಮೇವಿನಲ್ಲಿ ಕಚ್ಚಾ ಪ್ರೋಟೀನ್ (ಸಾರಜನಕದ ಅಳತೆಯಿಂದ ಲೆಕ್ಕ ಹಾಕುವ ಒಟ್ಟು ಪ್ರೋಟೀನ್) ಶೇ. 7ಕ್ಕಿಂತ ಕೆಳಗಿಳಿದರೆ ಅವು ಸೊರಗುತ್ತವೆ, ಹುಲ್ಲು ಹೊಟ್ಟೆಯಲ್ಲೇ ಹೆಚ್ಚು ಹೊತ್ತು ಕೂರುತ್ತದೆ, ಹಸು ಹೊಟ್ಟೆ ತುಂಬಿಸಿಕೊಂಡೇ ಹಸಿದಿರುತ್ತದೆ. ಅದರ ಮೇಲೆ ಪಿಷ್ಟ ತುಂಬಿದ ಕಾಳನ್ನು ಸುರಿದರೆ ನಾರನ್ನು ಕರಗಿಸುವ ಜೀವಿಗಳು ಇನ್ನಷ್ಟು ಹಿಂದೆ ಬೀಳುತ್ತವೆ. ನನ್ನ ಹಸುಗಳಿಗೆ ಮೊದಲು ಬೇಕಾಗಿದ್ದುದು ಪ್ರೋಟೀನು.

ಒಣಹುಲ್ಲನ್ನು ಪ್ರಯೋಗಾಲಯಕ್ಕೆ ಕಳಿಸಿದ್ದು ಆಗಲೇ. 20 ಕಟ್ಟುಗಳಿಗೆ ಕೊಳವೆಯಾಕಾರದ ಸಾಧನ ಚುಚ್ಚಿ, ಒಳಗಿನಿಂದ ತೆಗೆದ ಹುಲ್ಲನ್ನು ಬೆರೆಸಿ ಒಂದು ಮಾದರಿ ಮಾಡಿದೆ. ನಾನು ಹಸಿರಾಗಿದೆ ಎಂದು ಹೆಮ್ಮೆಪಟ್ಟಿದ್ದ ಹುಲ್ಲಿನಲ್ಲಿ ಪ್ರೋಟೀನು ಶೇ. 6ರ ಆಸುಪಾಸಿನಲ್ಲಿತ್ತು, ತೆನೆ ಬಲಿತ ಮೇಲೆ ಕೊಯ್ದ ಹುಲ್ಲಿಗೆ ಬಣ್ಣವಿದ್ದರೂ ಹುರುಳಿರುವುದಿಲ್ಲ. ಲೆಕ್ಕ ಹೀಗೆ ಬಂತು: 550 ಕಿಲೋದ ಹಸು ದಿನಕ್ಕೆ ಸುಮಾರು 11 ಕಿಲೋ ಒಣಪದಾರ್ಥ (ನೀರಿನಂಶ ಕಳೆದ ಮೇವಿನ ತೂಕ) ತಿಂದರೆ ಆ ಹುಲ್ಲಿನಿಂದ ಸಿಗುವ ಪ್ರೋಟೀನು 660 ಗ್ರಾಂ, ಗಬ್ಬದ ಕೊನೆಯಲ್ಲಿ ಅದಕ್ಕೆ ಬೇಕಾಗುವುದು 900 ಗ್ರಾಂಗೂ ಹೆಚ್ಚು. ಈ ಕೊರತೆಯನ್ನು ತುಂಬಲು ಶೇ. 35ರಿಂದ 40 ಪ್ರೋಟೀನ್ ಇರುವ ಎಣ್ಣೆಕಾಳಿನ ಹಿಂಡಿ ದಿನಕ್ಕೆ ಮುಕ್ಕಾಲು ಕಿಲೋ ಸಾಕು. ಅಷ್ಟೇ. ಮೆಕ್ಕೆಜೋಳಕ್ಕೆ ನಾನು ಹಾಕಿದ್ದ ಹಣ ನೆನೆದು ಆ ರಾತ್ರಿ ನಿದ್ದೆ ಬರಲಿಲ್ಲ.

ಹಿಂಡಿಯನ್ನು ದಿನವೂ ಹಾಕಬೇಕೆಂದಿಲ್ಲ ಎಂಬುದು ನನಗೆ ಸಿಕ್ಕ ದೊಡ್ಡ ಅನುಕೂಲ. ಮೆಲುಕು ಹಾಕುವ ಪ್ರಾಣಿಗಳು ಪ್ರೋಟೀನಿನಿಂದ ಬಂದು ಹೆಚ್ಚಾದ ಸಾರಜನಕವನ್ನು ಜೊಲ್ಲಿನ ಮೂಲಕ ಮತ್ತೆ ಹೊಟ್ಟೆಗೆ ಮರಳಿಸಿಕೊಳ್ಳುವುದರಿಂದ, ವಾರದ ಪಾಲನ್ನು ಮೂರು ಸಲಕ್ಕೆ ಹಂಚಿ ಕೊಟ್ಟರೂ ಫಲ ಒಂದೇ. ಒಮ್ಮೆಗೆ ಹೆಚ್ಚು ಹಿಂಡಿ ಬೀಳುವುದರಿಂದ ಅಂಜುಬುರುಕ ಹಸುಗಳಿಗೂ ಒಂದಿಷ್ಟು ಸಿಗುತ್ತದೆ. ಯೂರಿಯಾ ಬೆರೆತ ಆಹಾರದಲ್ಲಿ ಮಾತ್ರ ಹೀಗೆ ಮಾಡಲೇಬಾರದು. ಅದು ಒಮ್ಮೆಲೇ ಹೆಚ್ಚಾದರೆ ವಿಷ.

ಮೈ ತುಂಬಿಸುವ ಕಾಲದ ಬಗ್ಗೆಯೂ ನನ್ನ ಅಭಿಪ್ರಾಯ ಬದಲಾಯಿತು. ಕರುಗಳಿಗೆ ಹಾಲು ಬಿಡಿಸಿದ ಕೂಡಲೇ, ಗಬ್ಬ ಇನ್ನೂ ಹಗುರಾಗಿದ್ದು ಹವೆ ಹಿತವಾಗಿರುವಾಗ, ಒಂದು ಅಂಕವನ್ನು ಏರಿಸುವುದು ಸುಲಭ. ಕೊರೆಯುವ ಚಳಿ ಬಂದ ಮೇಲೆ ಹಸು ತಿಂದದ್ದೆಲ್ಲ ಮೈ ಬೆಚ್ಚಗಿಡುವುದಕ್ಕೇ ಹೋಗುತ್ತದೆ. ದಟ್ಟ ಕೂದಲು ಒಣಗಿದ್ದರೆ ಹಸು ಸೊನ್ನೆಗಿಂತ 8 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಹೆಚ್ಚಿನ ಶಕ್ತಿ ಬೇಡದೆ ತಡೆದುಕೊಳ್ಳಬಲ್ಲದು; ಅದೇ ಕೂದಲು ತೊಯ್ದರೆ 15 ಡಿಗ್ರಿಯಲ್ಲೇ ಚಳಿಯ ಬಾಧೆ ಶುರುವಾಗುತ್ತದೆ. ಆ ಮಟ್ಟದಿಂದ ಕೆಳಗಿಳಿದ ಪ್ರತಿ ಡಿಗ್ರಿಗೂ ಶಕ್ತಿಯ ಅಗತ್ಯ ಸುಮಾರು ಶೇ. 2ರಷ್ಟು ಏರುತ್ತದೆ. ಹೀಗಾಗಿ ನನ್ನಲ್ಲಿ ಗಾಳಿತಡೆಯ ಗೋಡೆಯನ್ನೂ ಒಣಗಿದ ಹಾಸನ್ನೂ ಮೇವಿನ ಲೆಕ್ಕದಲ್ಲೇ ಬರೆದುಕೊಳ್ಳುತ್ತೇನೆ. ತೀರಾ ಚಳಿಯಿರುವ ದಿನಗಳಲ್ಲಿ ಹೆಚ್ಚಿಸುವುದು ಒಣಹುಲ್ಲನ್ನು, ಏಕೆಂದರೆ ನಾರು ಜೀರ್ಣವಾಗುವಾಗ ಹುಟ್ಟುವ ಶಾಖವೇ ಒಳಗಿನ ಒಲೆ. ಖನಿಜ ಮಿಶ್ರಣವನ್ನೂ ಹಳೆಯ ಹುಲ್ಲಿನಲ್ಲಿ ನಶಿಸಿಹೋಗಿರುವ ವಿಟಮಿನ್ ಎ ಅನ್ನೂ ತಪ್ಪಿಸುವುದಿಲ್ಲ. ಹಾಲಿನಲ್ಲಿ ತಾಮ್ರ ಕಡಿಮೆಯಿರುವುದರಿಂದ ಕರು ತನಗೆ ಬೇಕಾದ ತಾಮ್ರವನ್ನು ಹುಟ್ಟುವ ಮೊದಲೇ ಯಕೃತ್ತಿನಲ್ಲಿ ಕೂಡಿಟ್ಟುಕೊಂಡಿರಬೇಕು.

ಕಡಸುಗಳ ಮೇವು ಇಳಿಸಿದರೆ ಕರು ಸಣ್ಣದಾಗಿ ಹೆರಿಗೆ ಸುಲಭವಾಗುತ್ತದೆ ಎಂಬ ಮಾತನ್ನು ನಂಬಿ ಒಂದು ವರ್ಷ ಹಾಗೂ ಮಾಡಿದ್ದುಂಟು. ಕರುಗಳ ತೂಕ ತುಸು ಇಳಿಯಿತು ನಿಜ, ಆದರೆ ಕಡಸುಗಳಿಗೆ ನೂಕುವ ಬಲವೇ ಇಲ್ಲದೆ ಹೆರಿಗೆ ಎಳೆದಾಡಿತು, ಕೈ ಹಾಕಿ ಎಳೆದದ್ದೇ ಹೆಚ್ಚು. ಕರು ಸಣ್ಣದಿರಬೇಕೆಂದರೆ ಅದನ್ನು ಹೋರಿಯ ಆಯ್ಕೆಯಲ್ಲಿ ನೋಡಿಕೊಳ್ಳಬೇಕು. ಹಾಗೆಂದು 7ರ ಅಂಕ ದಾಟಿಸಿ ಕೊಬ್ಬಿಸಿದರೂ ತೊಂದರೆಯೇ, ಹೆರಿಗೆಯ ದಾರಿಯಲ್ಲೇ ಕೊಬ್ಬು ತುಂಬುತ್ತದೆ.

ಹಿಂಡನ್ನು ಒಡೆದದ್ದರಿಂದ ಬಂದ ಬದಲಾವಣೆ ನಾನು ನಿರೀಕ್ಷಿಸಿದ್ದಕ್ಕಿಂತ ದೊಡ್ಡದು. ಮೊದಲು ಎಲ್ಲವೂ ಒಂದೇ ಗೋದಲಿಯಲ್ಲಿ ಮೇಯುತ್ತಿದ್ದವು. ಕೊಂಬಿನ ಜೋರಿದ್ದ ನಾಲ್ಕೈದು ಹಸುಗಳು ಹಿಂಡಿಯನ್ನೆಲ್ಲ ಮುಗಿಸಿ, ಕಡಸುಗಳು ಹಿಂದೆ ನಿಂತು ನೋಡುತ್ತಿದ್ದವು. ಈಗ ಕಡಸುಗಳು, ಹಲ್ಲು ಸವೆದ ಮುದಿ ಹಸುಗಳು ಮತ್ತು 4ರ ಅಂಕಕ್ಕೆ ಇಳಿದವುಗಳು ಒಂದು ಕಡೆ, ಉಳಿದವು ಇನ್ನೊಂದು ಕಡೆ. ಒಳ್ಳೆಯ ಹುಲ್ಲು ಮೊದಲ ಗುಂಪಿಗೆ ಹೋಗುತ್ತದೆ. ಕೊನೆಯ ತಿಂಗಳಲ್ಲಿ ಮೇವು ಹಾಕುವುದನ್ನು ಸಂಜೆಗೆ ಬದಲಿಸುತ್ತೇನೆ; ಕೆನಡಾದ ಮ್ಯಾನಿಟೋಬಾದಲ್ಲಿ ಗಸ್ ಕೊನೆಫಾಲ್ ಎಂಬ ರೈತರು ಕಂಡುಕೊಂಡ ಈ ಕ್ರಮದಿಂದ ಹೆಚ್ಚಿನ ಹಸುಗಳು ಹಗಲು ಈಯುತ್ತವೆ, ನನ್ನ ನಿದ್ದೆಗೂ ಅದು ಒಳ್ಳೆಯದು.

ಕರುಗಳಲ್ಲಿ ನಾನು ಕಂಡದ್ದು ಮೊದಲು ನಿಲ್ಲುವ ಹೊತ್ತಿನಲ್ಲಿ. ಹುಟ್ಟಿದ ಅರ್ಧ ಗಂಟೆ, ಮುಕ್ಕಾಲು ಗಂಟೆಯೊಳಗೆ ಅವು ಎದ್ದು ಕೆಚ್ಚಲು ಹುಡುಕುತ್ತವೆ. ಗರ್ಭದಲ್ಲಿ ತಾಯಿಯಿಂದ ಕರುವಿಗೆ ರೋಗನಿರೋಧಕಗಳು ದಾಟುವುದಿಲ್ಲ, ಗಿಣ್ಣಿನಿಂದಲೇ ಸಿಗಬೇಕು; ಕರುಳು ಅವನ್ನು ಹೀರಿಕೊಳ್ಳುವುದು ಮೊದಲ ಗಂಟೆಗಳಲ್ಲಿ ಚೆನ್ನಾಗಿ, 24 ಗಂಟೆಗಳಾದ ಮೇಲೆ ಇಲ್ಲವೆನ್ನುವಷ್ಟು. ಆದ್ದರಿಂದ ಬೇಗ ನಿಂತ ಕರು ಭೇದಿಯಿಂದಲೂ ಬಹುಮಟ್ಟಿಗೆ ಪಾರಾಗುತ್ತದೆ. ಮುಂದಿನದು ಇನ್ನೂ ಆಳದ್ದು. ನೆದರ್‌ಲ್ಯಾಂಡ್ಸ್‌ನಲ್ಲಿ 1944–45ರ ಹಸಿವಿನ ಚಳಿಗಾಲದಲ್ಲಿ ಗರ್ಭದಲ್ಲಿದ್ದ ಮಕ್ಕಳ ಆರೋಗ್ಯದ ಮೇಲೆ ಆ ಹಸಿವಿನ ಗುರುತು ದಶಕಗಳ ನಂತರವೂ ಉಳಿದಿತ್ತೆಂಬುದು ವಿಜ್ಞಾನಿಗಳಿಗೆ ತಿಳಿದಿರುವ ಸಂಗತಿ. ಹಸುವಿನಲ್ಲೂ ಕರುವಿನ ಸ್ನಾಯುವಿನ ಎಳೆಗಳ ಸಂಖ್ಯೆ ಹುಟ್ಟುವ ಮೊದಲೇ ನಿಗದಿಯಾಗಿಬಿಡುತ್ತದೆ. ಆಮೇಲೆ ಎಳೆಗಳು ದಪ್ಪವಾಗಬಲ್ಲವೇ ಹೊರತು ಹೆಚ್ಚಾಗಲಾರವು. ಪೋಷಣೆ ಸಾಲದಾದಾಗ ಮಿದುಳು, ಹೃದಯಗಳ ಪಾಲು ಮೊದಲು, ಸ್ನಾಯುವಿನದು ಕೊನೆಗೆ. ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದವರು ಗಬ್ಬದ ಕೊನೆಯಲ್ಲಿ ಹಸುಗಳಿಗೆ ಪ್ರೋಟೀನ್ ಪೂರಕ ಕೊಟ್ಟು ನೋಡಿದಾಗ, ಅವುಗಳಿಗೆ ಹುಟ್ಟಿದ ಹೆಣ್ಣುಕರುಗಳು ಬೆಳೆದು ತಾವೂ ಹೆಚ್ಚಿನ ಪ್ರಮಾಣದಲ್ಲಿ ಗಬ್ಬ ಕಟ್ಟಿದವು. ನನ್ನ ಪುಸ್ತಕದಲ್ಲಿಯೂ ಬಡ ಚಳಿಗಾಲದ ಕರುಗಳ ಸಾಲು ಯಾವುದೆಂದು ಸಂಖ್ಯೆ ನೋಡದೆಯೇ ಗುರುತಿಸಬಹುದು. ಅವುಗಳಲ್ಲಿ ಹಿಂಡಿನಲ್ಲೇ ಉಳಿಸಿಕೊಳ್ಳಲೆಂದು ಇರಿಸಿಕೊಂಡ ಕಡಸುಗಳು ಬಹುಬೇಗ ಹೊರಬಿದ್ದವು.

ಎರಡನೆಯ ಸಲ ಈಯುವ ಹಸುಗಳು ಮಾತ್ರ ಇಂದಿಗೂ ನನ್ನನ್ನು ಕಾಡುತ್ತವೆ. ಅವು ಇನ್ನೂ ಬೆಳೆಯುತ್ತಿರುತ್ತವೆ, ಮೊದಲ ಕರುವಿಗೆ ಹಾಲುಣಿಸಿ ಬಸವಳಿದಿರುತ್ತವೆ, ನೋಡಲು ಮಾತ್ರ ದೊಡ್ಡ ಹಸುಗಳಂತೆಯೇ ಕಾಣುವುದರಿಂದ ಗುಂಪು ಮಾಡುವಾಗ ಮರೆತುಹೋಗುತ್ತವೆ. ಕಳೆದ ಚಳಿಗಾಲ ಖಾಲಿ ಉಳಿದ ನಾಲ್ಕರಲ್ಲಿ ಮೂರು ಅವೇ. ಈ ಬಾರಿ ಹಾಲು ಬಿಡಿಸಿದ ದಿನವೇ ಅವನ್ನು ಕಡಸುಗಳ ಜೊತೆ ಸೇರಿಸಿದ್ದೇನೆ, ಹದಿನೈದು ದಿನಕ್ಕೊಮ್ಮೆ ಒಂದೊಂದರ ಬೆನ್ನಿಗೂ ಕೈಯಿಟ್ಟು ಅಂಕ ಬರೆದುಕೊಳ್ಳುತ್ತಿದ್ದೇನೆ.