ಫೈಲಿಗೆ ಬೀಗ, ಪತ್ರಕ್ಕೆ ಸಹಿ

ಅಣ್ಣ ತೀರ್ಥಹಳ್ಳಿಯ ತೋಟದ ಮನೆಯಲ್ಲಿ, ತಮ್ಮ ಬೆಂಗಳೂರಿನಲ್ಲಿ, ತಂಗಿ ಮಂಗಳೂರಿನಲ್ಲಿ. ಪಾಲುಪಟ್ಟಿಯ ಕರಡು ಮೂವರ ನಡುವೆ ಓಡಾಡಬೇಕು. ಸಾಮಾನ್ಯವಾಗಿ ಪೇಟೆಯ ಜೆರಾಕ್ಸ್ ಅಂಗಡಿಯಲ್ಲಿ ಸ್ಕ್ಯಾನ್ ಮಾಡಿಸಿ, ಅಂಗಡಿಯವರ ವಾಟ್ಸಾಪಿನಿಂದಲೇ ಕಳಿಸಿಬಿಡುತ್ತೇವೆ. ಆಧಾರ್, ಬ್ಯಾಂಕ್ ಪಾಸ್‌ಬುಕ್, ಕರಡು ಎಲ್ಲವೂ ಆ ಕಂಪ್ಯೂಟರಿನಲ್ಲೇ ಉಳಿದುಕೊಳ್ಳುತ್ತವೆ. ಪಹಣಿಗೆ ಈ ಚಿಂತೆ ಬೇಡ, ಸರ್ವೆ ನಂಬರು ಗೊತ್ತಿದ್ದವರು ಯಾರಾದರೂ ಅದನ್ನು ಸರ್ಕಾರದ ‘ಭೂಮಿ’ ಜಾಲತಾಣದಲ್ಲಿ ನೋಡಬಹುದು. ಉಳಿದವನ್ನು ಮನೆಯಲ್ಲೇ ಫೋನಿನಲ್ಲಿ ಸ್ಕ್ಯಾನ್ ಮಾಡಿ, ಬೀಗ ಹಾಕಿ, ಎಂದರೆ ಪಡೆಯುವವರ ಹೊರತು ಬೇರಾರೂ ಓದಲಾಗದಂತೆ ಎನ್‌ಕ್ರಿಪ್ಟ್ ಮಾಡಿ, ಕಳಿಸುವುದು ಒಳ್ಳೆಯದು.

ಇದಕ್ಕೆ ಬೇಕಾದ ತಂತ್ರಾಂಶ ಉಚಿತ. 1991ರಲ್ಲಿ ಅಮೆರಿಕದ ಫಿಲ್ ಝಿಮ್ಮರ್‌ಮನ್ ಹೀಗೆ ಬೀಗ ಹಾಕುವ ಪಿಜಿಪಿ ಎಂಬ ತಂತ್ರಾಂಶ ಬರೆದರು. ಅದೇ ದಾರಿಯಲ್ಲಿ ಜರ್ಮನಿಯ ವರ್ನರ್ ಕಾಖ್ 1997ರಲ್ಲಿ ಗ್ನೂಪಿಜಿ ಶುರು ಮಾಡಿದರು. ವಿಂಡೋಸ್ ಇದ್ದವರು ಗ್ನೂಪಿಜಿಯ ವಿಂಡೋಸ್ ರೂಪವಾದ ‘ಜಿಪಿಜಿ4ವಿನ್’ ಅನ್ನು ಅದರ ಸ್ವಂತ ಜಾಲತಾಣದಿಂದಲೇ ಇಳಿಸಿಕೊಳ್ಳಿ. ಅದರೊಳಗೇ ಕ್ಲಿಯೋಪಾತ್ರ ಎಂಬ ಪ್ರೋಗ್ರಾಮ್ ಬರುತ್ತದೆ, ನಮ್ಮ ಕೆಲಸವೆಲ್ಲ ಅದರಲ್ಲೇ.

ಪ್ರತಿಯೊಬ್ಬರಿಗೂ ಒಂದು ಜೋಡಿ ಕೀ (ಬೀಗದ ಕೈಯಂಥ ಫೈಲ್): ಹಂಚುವ ಪಬ್ಲಿಕ್ ಕೀ, ಗುಟ್ಟಾಗಿಡುವ ಪ್ರೈವೇಟ್ ಕೀ. ಪಬ್ಲಿಕ್ ಕೀ ದೇವಸ್ಥಾನದ ಹುಂಡಿಯ ಹಾಗೆ: ಯಾರು ಬೇಕಾದರೂ ಒಳಗೆ ಹಾಕಬಹುದು, ತೆಗೆಯುವುದು ಮಾತ್ರ ಪ್ರೈವೇಟ್ ಕೀ ಇದ್ದವರಿಗೇ ಸಾಧ್ಯ. ಸಹಿ ಮಾಡುವಾಗ ಇದು ತಿರುಗುಮುರುಗು. ಪ್ರೈವೇಟ್ ಕೀ ಸಹಿ ಹಾಕುತ್ತದೆ, ಪಬ್ಲಿಕ್ ಕೀ ಇದ್ದವರೆಲ್ಲ ಆ ಸಹಿಯನ್ನು ಪರೀಕ್ಷಿಸಬಹುದು.

ಮೊದಲು ಕ್ಲಿಯೋಪಾತ್ರದಲ್ಲಿ ‘ನ್ಯೂ ಕೀ ಪೇರ್’ ಒತ್ತಿ ಹೆಸರು, ಇಮೇಲ್ ಕೊಡಿ. ಪಾಸ್‌ಫ್ರೇಸ್ ಇಡುವ ಚೌಕಕ್ಕೆ ಟಿಕ್ ಹಾಕುವುದನ್ನು ಮರೆಯಬೇಡಿ, ಅದು ತಾನಾಗಿ ಟಿಕ್ ಆಗಿರದೆ ಇರಬಹುದು. ಪಾಸ್‌ಫ್ರೇಸ್ ಎಂದರೆ ನಾಲ್ಕಾರು ಪದಗಳ ಉದ್ದ ಸಾಲು. ಮರೆತರೆ ಒಟಿಪಿ ಬರುವುದಿಲ್ಲ, ಯಾವ ಕಸ್ಟಮರ್ ಕೇರ್ ಕೂಡ ತೆರೆದುಕೊಡುವುದಿಲ್ಲ.

ಕೀ ಆದ ತಕ್ಷಣ ಎರಡು ಕೆಲಸ ಮುಗಿಸಿ: ‘ಬ್ಯಾಕಪ್ ಸೀಕ್ರೆಟ್ ಕೀಸ್’ ಮೂಲಕ ಪ್ರೈವೇಟ್ ಕೀಯನ್ನು ಪೆನ್‌ಡ್ರೈವಿಗೆ ಹಾಕಿಕೊಳ್ಳಿ, ಕೀ ವಿವರದಲ್ಲಿ ಸಿಗುವ ರಿವೊಕೇಶನ್ ಸರ್ಟಿಫಿಕೇಟನ್ನು (ಮುಂದೆ ಕೀ ರದ್ದು ಮಾಡಲು ಬೇಕಾದ ಫೈಲ್) ಬೇರೆ ಕಡೆ ಉಳಿಸಿ. ನಮ್ಮ ಕಡೆ ಮಳೆಗಾಲದ ಸಿಡಿಲಿಗೆ ಲ್ಯಾಪ್‌ಟಾಪ್ ಹೋಗುವುದು ಹೊಸತಲ್ಲ. ಪೆನ್‌ಡ್ರೈವನ್ನು ಬೀರುವಿನಲ್ಲಿ ಇಡಿ, ಲ್ಯಾಪ್‌ಟಾಪ್ ಬ್ಯಾಗಿನಲ್ಲಿ ಬೇಡ.

ಇನ್ನು ಪಬ್ಲಿಕ್ ಕೀ ಹಂಚುವುದು. ‘ಎಕ್ಸ್‌ಪೋರ್ಟ್’ ಒತ್ತಿದರೆ ಒಂದು ಸಣ್ಣ ಫೈಲ್ ಬರುತ್ತದೆ. ಅದನ್ನು ಇಮೇಲಿನಲ್ಲೋ ವಾಟ್ಸಾಪಿನಲ್ಲೋ ಕಳಿಸಬಹುದು, ಅದರಲ್ಲಿ ಗುಟ್ಟೇನೂ ಇಲ್ಲ. ಪಡೆದವರು ‘ಇಂಪೋರ್ಟ್’ ಮಾಡಿಕೊಳ್ಳಬೇಕು. ಬಹಳ ಮಂದಿ ಇಲ್ಲಿಗೆ ನಿಲ್ಲಿಸುತ್ತಾರೆ. ನನ್ನ ಪ್ರಕಾರ ನಿಜವಾದ ಕೆಲಸ ಶುರುವಾಗುವುದೇ ಇಲ್ಲಿ. ಯಾರು ಬೇಕಾದರೂ ನಿಮ್ಮ ತಮ್ಮನ ಹೆಸರು, ಇಮೇಲ್ ಬರೆದು ಕೀ ಮಾಡಬಹುದು, ತಂತ್ರಾಂಶ ಅದನ್ನು ಪ್ರಶ್ನಿಸುವುದಿಲ್ಲ. ಆದ್ದರಿಂದ ಫಿಂಗರ್‌ಪ್ರಿಂಟ್, ಎಂದರೆ ಕೀ ವಿವರದಲ್ಲಿ ಕಾಣುವ ಆ ಕೀಯ ಗುರುತಿನ ಸಂಖ್ಯೆ, ತಾಳೆ ನೋಡಲೇಬೇಕು. ಸಾಮಾನ್ಯವಾಗಿ ಅದು ನಾಲ್ಕು ನಾಲ್ಕರ ಹತ್ತು ಗುಂಪು, ಒಟ್ಟು 40 ಅಕ್ಷರ. ಕೀ ಬಂದ ದಾರಿಯಲ್ಲೇ ಅದನ್ನೂ ತರಿಸಿಕೊಂಡರೆ ಪ್ರಯೋಜನವಿಲ್ಲ. ಫೋನ್ ಮಾಡಿ, ದನಿ ಗುರುತಿಸಿ, ಓದಿಸಿ. “ಅಣ್ಣಾ, ಕೊನೇ ನಾಲ್ಕು ಹೇಳು ಸಾಕು” ಎಂದರೆ ಒಪ್ಪಬೇಡಿ, ಹತ್ತೂ ಗುಂಪು ಓದಿ. ಸೊನ್ನೆಯಿಂದ ಒಂಬತ್ತು, ಎ ಇಂದ ಎಫ್, ಬರುವುದು ಇಷ್ಟೇ. ಗುಡ್ಡದ ನೆಟ್‌ವರ್ಕಿನಲ್ಲಿ ಬಿ, ಡಿ, ಇ ಒಂದೇ ಥರ ಕೇಳುತ್ತವೆ, ಹಾಗಾಗಿ ಬಿ ಅಂದರೆ ಭದ್ರಾವತಿ, ಡಿ ಅಂದರೆ ದಾವಣಗೆರೆ ಎಂದುಕೊಳ್ಳಿ. ದೀಪಾವಳಿಗೆ ಎಲ್ಲರೂ ಊರಿಗೆ ಬರುವವರಿದ್ದರೆ ಜಗಲಿಯಲ್ಲೇ ಕೂತು ನೋಡಿಕೊಂಡರೆ ಇನ್ನೂ ಸಲೀಸು. ತಾಳೆಯಾದ ಮೇಲೆ ‘ಸರ್ಟಿಫೈ’ ಒತ್ತಿ.

ಫೈಲಿಗೆ ಬೀಗ ಹಾಕುವುದು ಸುಲಭ. ‘ಸೈನ್/ಎನ್‌ಕ್ರಿಪ್ಟ್’ ಒತ್ತಿ, ಫೈಲ್ ಆರಿಸಿ, ಪಡೆಯುವವರ ಹೆಸರು ಸೇರಿಸಿ. ‘ಎನ್‌ಕ್ರಿಪ್ಟ್ ಫಾರ್ ಮಿ’ ಟಿಕ್ ತೆಗೆದುಹಾಕಿದರೆ ಕಳಿಸಿದ ನೀವೇ ಅದನ್ನು ಮತ್ತೆ ತೆರೆಯಲಾರಿರಿ. ಹೊಸ ಫೈಲಿನ ಹೆಸರಿನ ಕೊನೆಗೆ ಜಿಪಿಜಿ ಎಂದಿರುತ್ತದೆ. ಒಳಗಿನದು ಮುಚ್ಚಿದ್ದರೂ ಫೈಲಿನ ಹೆಸರು ಹೊರಗೆ ಕಾಣುತ್ತದೆ, ಯಾರು ಯಾರಿಗೆ ಕಳಿಸಿದರು ಎಂಬುದೂ ಅಡಗುವುದಿಲ್ಲ. ಮೂಲ ಫೈಲ್ ಇದ್ದಲ್ಲೇ ಇರುತ್ತದೆ, ಅದನ್ನು ಏನು ಮಾಡಬೇಕೆಂದು ನೀವೇ ನೋಡಿಕೊಳ್ಳಿ.

ಬೀಗ ಬೇಡ, ಸಹಿ ಮಾತ್ರ ಸಾಕೆಂದರೆ ಸಹಿಗೆ ಪ್ರತ್ಯೇಕ ಚಿಕ್ಕ ಫೈಲ್ ಹುಟ್ಟುತ್ತದೆ, ಎರಡನ್ನೂ ಒಟ್ಟಿಗೆ ಕಳಿಸಿ. ಕರಡಿನಲ್ಲಿ ಒಂದು ಗುಂಟೆ ಆಚೀಚೆಯಾದರೂ ಪರೀಕ್ಷೆಯಲ್ಲಿ ಸಿಕ್ಕಿಬೀಳುತ್ತದೆ. ವಾಟ್ಸಾಪಿನಲ್ಲಿ ಫೋಟೋ ಆಗಿ ಕಳಿಸಿದರೆ ಅದು ಚಿತ್ರವನ್ನು ಕುಗ್ಗಿಸುವುದರಿಂದ ಸಹಿ ಹೊಂದುವುದಿಲ್ಲ. ‘ಡಾಕ್ಯುಮೆಂಟ್’ ಆಗಿಯೇ ಕಳಿಸಿ.

ಈ ಸಹಿ ಮನೆಯವರ ನಡುವಿನ ನಂಬಿಕೆಗೆ ಮಾತ್ರ. 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯಡಿ ಟೆಂಡರ್ ಮುಂತಾದವಕ್ಕೆ ಬಳಸುವ ಡಿಜಿಟಲ್ ಸಹಿಯನ್ನು ಪರವಾನಗಿ ಪಡೆದ ಸಂಸ್ಥೆಗಳಿಂದ ಪಡೆಯಬೇಕು. ಪಾಲುಪಟ್ಟಿ ನೋಂದಣಿಗೆ ಎಲ್ಲರೂ ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗುವುದು ತಪ್ಪುವುದಿಲ್ಲ.

ಲ್ಯಾಪ್‌ಟಾಪ್ ಕಳುವಾದರೆ ಎತ್ತಿಟ್ಟ ರಿವೊಕೇಶನ್ ಸರ್ಟಿಫಿಕೇಟನ್ನು ಇಂಪೋರ್ಟ್ ಮಾಡಿ, ರದ್ದಾದ ಪಬ್ಲಿಕ್ ಕೀಯನ್ನು ಎಲ್ಲರಿಗೂ ಮತ್ತೆ ಕಳಿಸಿ. ಪೆನ್‌ಡ್ರೈವಿನಲ್ಲಿರುವ ಹಳೆಯ ಪ್ರೈವೇಟ್ ಕೀಯನ್ನು ಮಾತ್ರ ಅಳಿಸಬೇಡಿ, ಅದಕ್ಕೆಂದು ಬೀಗ ಹಾಕಿದ ಫೈಲುಗಳು ಅದರಿಂದಲೇ ತೆರೆಯಬೇಕು.